ಏರ್‌ಬಸ್ ಎ320: ಹೆಡಿಂಗ್ (ದಿಕ್ಕಿನ) ಗುಂಡಿ ಎಳೆದರೆ ಡೆಸ್ (ಕಂಪ್ಯೂಟರ್ ಲೆಕ್ಕದಂತೆ ಇಳಿಸೋ) ಮೋಡ್ ಯಾಕೆ ಬಿಟ್ಟುಹೋಗುತ್ತೆ?

ಹೇಮಾವತಿ_ಹಾಸನ
ಸಿಮ್ಯುಲೇಟರ್‌ನಲ್ಲಿ ಬೆಂಗಳೂರು–ಮಂಗಳೂರು, 24,000 ಅಡಿ. ಚನ್ನರಾಯಪಟ್ಟಣದ ಹತ್ತಿರ ಆಲ್ಟಿಟ್ಯೂಡ್ (ಎತ್ತರದ) ಗುಂಡಿ ಒತ್ತಿದರೆ ನ್ಯಾವ್ (ಕಂಪ್ಯೂಟರ್‌ಗೆ ಕೊಟ್ಟ ದಾರಿ ಹಿಡಿಯೋ ಮೋಡ್), ಡೆಸ್ ಎರಡೂ ಪರದೆಯಲ್ಲಿ ಹಸಿರು. ಹಾಸನದ ನೆತ್ತಿಯ ಮೇಲೆ ಹೆಡಿಂಗ್ ಎಳೆದ ಕೂಡಲೇ ಮೂರು ಸಲ ಟಿಕ್ ಅಂದು ಡೆಸ್ ಜಾಗದಲ್ಲಿ ವಿಎಸ್ (ಒಂದೇ ದರದಲ್ಲಿ ಇಳಿಸೋ ಮೋಡ್) ಬರುತ್ತೆ. ಮಂಗಳೂರು ವಿಮಾನ ನಿಲ್ದಾಣ ಇರೋ ಬಜ್ಪೆ ಹತ್ತಿರ ಬಂದಾಗ ಇನ್ನೂ ಸಿಕ್ಕಾಪಟ್ಟೆ ಎತ್ತರ. ಸಾಫ್ಟ್‌ವೇರ್ ದೋಷವಾ?

ಗಿರಿಸಾಲು_320
ದೋಷ ಅಲ್ಲ ಸರ್, ವಿಮಾನ ಇರೋದೇ ಹಾಗೆ. ಡೆಸ್ ಲೆಕ್ಕ ಹಾಕೋದು ಕಂಪ್ಯೂಟರ್‌ಗೆ ಕೊಟ್ಟ ದಾರಿ ಹಿಡಿದು. ಹೆಡಿಂಗ್ ಎಳೆದಾಗ ನ್ಯಾವ್ ಹೋಗುತ್ತೆ, ಆಮೇಲೆ ಹಿಡಿಯೋಕೆ ಆ ದಾರಿಯೇ ಇಲ್ಲ, ಹಾಗಾಗಿ ಆ ಕ್ಷಣದ ಇಳಿಕೆ ದರವನ್ನೇ ವಿಎಸ್ ಹಿಡಿದುಕೊಳ್ಳುತ್ತೆ. ನೀವು ಸ್ವಲ್ಪ ಬೇಗ ಒತ್ತಿದ್ದೀರಿ. ಇಳಿಯೋಕೆ ಶುರು ಮಾಡಬೇಕಾದ ಜಾಗಕ್ಕೆ ಮುಂಚೆ ಒತ್ತಿದರೆ ಡೆಸ್ ನಿಮಿಷಕ್ಕೆ 1,000 ಅಡಿಯಂತೆ ನಿಧಾನ ಇಳಿಯುತ್ತೆ. ಅಲ್ಲೇ ಹೆಡಿಂಗ್ ಎಳೆದಿದ್ದಕ್ಕೆ ಆ 1,000 ಅಂಟಿಕೊಂಡಿದೆ. ಹಾಸನದಿಂದ ಬಜ್ಪೆಗೆ ನೇರವಾಗಿ ಸುಮಾರು 70 ನಾಟಿಕಲ್ ಮೈಲಿ. ನೆಲವೇಗ 360 ನಾಟ್ ಇದ್ದರೆ 12 ನಿಮಿಷ. ಅಷ್ಟರಲ್ಲಿ ಇಳಿಯೋದು 12,000 ಅಡಿ ಮಾತ್ರ.

ಎಷ್ಟು ದರದಲ್ಲಿ ಇಳಿಯಬೇಕು ಅಂತ ತಿಳಿಯೋಕೆ ನೆಲವೇಗವನ್ನು 5ರಿಂದ ಗುಣಿಸಿ: 360ಕ್ಕೆ ನಿಮಿಷಕ್ಕೆ 1,800 ಅಡಿ. ಅದು 3 ಡಿಗ್ರಿ ಇಳಿಜಾರು. ಈಗಾಗಲೇ ಮೇಲಿದ್ದರೆ ಆಲ್ಟಿಟ್ಯೂಡ್ ಗುಂಡಿ ಎಳೆದು ಓಪನ್ ಡಿಸೆಂಟ್: ಎಂಜಿನ್ ಐಡಲ್, ಮೂಗು ತಗ್ಗಿಸಿ ವೇಗ ಹಿಡಿಯುತ್ತೆ. ಸಾಲದಿದ್ದರೆ ಸ್ಪೀಡ್ ಬ್ರೇಕ್ (ರೆಕ್ಕೆ ಮೇಲೆ ಏಳೋ ಹಲಗೆಗಳು). ವಿಎಸ್‌ನಲ್ಲಿ ಸುಮ್ಮನೆ 3,000 ಹಾಕಬೇಡಿ, ಎಂಜಿನ್ ಐಡಲ್‌ಗೆ ಬಂದ ಮೇಲೂ ವೇಗ ಏರುತ್ತಲೇ ಹೋಗುತ್ತೆ.

ಕಾಫಿಬೀಜ_ಚಿಕ್ಕಮಗಳೂರು
ಓಪನ್ ಡಿಸೆಂಟ್ ನೋಡೋದು ಎಫ್‌ಸಿಯುನಲ್ಲಿ (ಈ ಗುಂಡಿಗಳಿರೋ ಫಲಕ) ತಿರುಗಿಸಿಟ್ಟ ಎತ್ತರವನ್ನು ಮಾತ್ರ, ದಾರಿ ಮಧ್ಯದ ಎತ್ತರದ ಮಿತಿಗಳಿಗೆ ಅದು ಕ್ಯಾರೇ ಅನ್ನಲ್ಲ. ಗುಡ್ಡವೂ ಅದಕ್ಕೆ ಗೊತ್ತಿಲ್ಲ. ಹೆಡಿಂಗ್ ಉತ್ತರಕ್ಕೆ ಹೊರಳಿದರೆ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿ ದಾಟುತ್ತೆ. ನೆಲದ ಹತ್ತಿರವಂತೂ ಈ ಮೋಡ್ ಬೇಡವೇ ಬೇಡ: 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್ 605 ಇದೇ ಮೋಡಿನಲ್ಲಿತ್ತು. ಎಂಜಿನ್ ಐಡಲ್‌ನಲ್ಲೇ ಉಳಿದು ವೇಗ ಕುಸಿಯಿತು, 92 ಜನ ತೀರಿಕೊಂಡರು. ವಿಎಸ್ ಗುಂಡಿ ಬದಲು ಪಕ್ಕದ ಆಲ್ಟಿಟ್ಯೂಡ್ ಗುಂಡಿ ತಿರುಗಿಸಿರಬಹುದು ಎಂಬುದು ತನಿಖೆಯ ಊಹೆ.

ಗುಂಡಿ ಮುಟ್ಟಿದ ಮೇಲೆ ಕಣ್ಣು ಗುಂಡಿಯ ಮೇಲಲ್ಲ, ಪಿಎಫ್‌ಡಿ (ಪೈಲಟ್ ಮುಂದಿನ ಮುಖ್ಯ ಪರದೆ) ತಲೆಯ ಮೇಲಿನ, ಮೋಡ್‌ಗಳನ್ನು ತೋರಿಸೋ ಎಫ್‌ಎಂಎ ಸಾಲಿನ ಮೇಲಿರಲಿ. ಹೊಸ ಮೋಡಿನ ಸುತ್ತ 10 ಸೆಕೆಂಡ್ ಬಿಳಿ ಚೌಕಟ್ಟು ಇರುತ್ತೆ. ಅದನ್ನು ಬಾಯಿಬಿಟ್ಟು ಓದಿ.

ಹೇಮಾವತಿ_ಹಾಸನ
ವಾಪಸ್ ಹೆಡಿಂಗ್ ಗುಂಡಿ ಒತ್ತಿದರೆ ಡೆಸ್ ತಾನಾಗೇ ಬರುತ್ತಾ?

ಗಿರಿಸಾಲು_320
ಇಲ್ಲ, ನ್ಯಾವ್ ಮಾತ್ರ ಬರುತ್ತೆ. ಅದು ಹಸಿರಾದ ಮೇಲೆ ಆಲ್ಟಿಟ್ಯೂಡ್ ಗುಂಡಿ ಬೇರೆಯಾಗಿ ಒತ್ತಬೇಕು.