ಅಪ್‌ಡೇಟ್: ಮಚ್ಚಿನ ಬಾಯಿ ಚಕ್ಕೆ ಏಳ್ತಿದ್ದಿದ್ದು ಸ್ಟೀಲ್ ತಪ್ಪಲ್ಲ, ನಂದೇ
ಒಣಗಿದ ಮರದ ಗಂಟಿಗೆ ಹೊಡೆದ್ರೆ ನನ್ನ ದೊಡ್ಡ ಮಚ್ಚಿನ ಬಾಯಿ ಚಕ್ಕೆ ಏಳತ್ತೆ, ಸ್ಟೀಲೇ ಸರಿ ಇಲ್ವಾ ಅಂತ ಕೇಳಿದ್ನಲ್ಲ, ಕೊನೆಗೆ ಕೂತು ಟೆಸ್ಟ್ ಮಾಡೇಬಿಟ್ಟೆ. ನನ್ನದು ಡಿ2 ಅನ್ನೋ ಗಟ್ಟಿ ಸ್ಟೀಲ್‌ದು, ಜೊತೆಗೆ ಫ್ರೆಂಡ್ ಹತ್ರ 5160 ಸ್ಪ್ರಿಂಗ್ ಸ್ಟೀಲ್‌ದು ಒಂದು ಇಸ್ಕೊಂಡೆ. ಎರಡನ್ನೂ ಒಂದೊಂದು ಕಡೆ 15 ಡಿಗ್ರಿಗೆ ಮಸೆದು ಒಂದೇ ಕೊರಡಿಗೆ 50-50 ಏಟು. ಡಿ2 ಬಾಯಲ್ಲಿ ಮೂರು ಚಕ್ಕೆ, 5160 ಬಾಯಿ ಬರೀ ಒಂದು ಕಡೆ ಮಡಚಿಕೊಂಡಿತ್ತು ಅಷ್ಟೇ, ಅದು ಸಾಣೆಗೆ ಹಿಡಿದ್ರೆ ಹೋಗತ್ತೆ, ಚಕ್ಕೆ ಹೋಗ್ಬೇಕಂದ್ರೆ ಅಲಗನ್ನೇ ಸವೆಸಬೇಕು.

ಆಮೇಲೆ ಎರಡನ್ನೂ 22 ಡಿಗ್ರಿಗೆ ತಂದು, ಬಾಯಿ ಹಿಂದೆ ಸ್ವಲ್ಪ ಉಬ್ಬು ಬರೋ ಹಾಗೆ ಮಸೆದು ಮತ್ತೆ 50 ಏಟು ಹಾಕಿದ್ರೆ ಡಿ2ನಲ್ಲೂ ಒಂದೂ ಚಕ್ಕೆ ಇಲ್ಲ! ಅಂದ್ರೆ ನಾನು ಅಡುಗೆಮನೆ ಚಾಕು ಥರ ತೆಳ್ಳಗೆ ಮಸೆದಿದ್ದೇ ಎಡವಟ್ಟು. ಆದ್ರೂ ಡಿ2 ಸವೆತ ತಡೆಯೋ ಸ್ಟೀಲು, ಏಟು ತಡೆಯೋದ್ರಲ್ಲಿ 5160ನೇ ಮುಂದೆ.

ಸ್ಟೀಲಿನ ಹದ (ಕಾಯಿಸಿ ತಂದ ಗಟ್ಟಿತನ) ಸರಿ ಇದೆಯಾ ನೋಡೋಕೆ ಹಿತ್ತಾಳೆ ಸರಳಿನ ಟೆಸ್ಟೂ ಮಾಡಿದೆ, ಬಾಯನ್ನ ಸರಳಿನ ಮೇಲೆ ಒತ್ತಿ ಜಾರಿಸಿದ್ರೆ ಬಾಗಿ ವಾಪಸ್ ಬರ್ಬೇಕು, ಬಾಗಿದ್ದು ಹಾಗೇ ಉಳಿದ್ರೆ ಹದ ಮೆತ್ತಗಾಗಿದೆ, ಮುರಿದ್ರೆ ಜಾಸ್ತಿ ಗಟ್ಟಿ. 5160 ತುದಿ ಹತ್ರ ಒಂದಿಂಚು ಬಾಗಿದ್ದು ಹಾಗೇ ಇತ್ತು, ಕೇಳಿದ್ರೆ ಫ್ರೆಂಡು ಅಲ್ಲಿ ಗ್ರೈಂಡರ್ ಹಿಡಿದು ನೀಲಿ ಬಣ್ಣ ಬರೋವರೆಗೂ ಕಾಯಿಸಿದ್ನಂತೆ, ಆ ಬಿಸಿಗೇ ಹದ ಹೋಗಿದೆ, ಪುಣ್ಯಾತ್ಮ. ಅಷ್ಟು ಭಾಗ ನೀರು ಹಾಕ್ಕೊಂಡು ಕೈಯಲ್ಲೇ ಉಜ್ಜಿ ತೆಗೀತಾ ಇದೀನಿ.