ಕಾಯುವ ಮಗುವೇ ಜಾಣ ಮಗುವೇ?

ಅತ್ತಿಗೆ, ನೀವು ಗುಂಪಿಗೆ ಹಾಕಿದ ವಿಡಿಯೊ ನೋಡಿದೆ. ನಾಲ್ಕು ವರ್ಷದ ಮಗುವಿನ ಮುಂದೆ ಮಿಠಾಯಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಎನ್ನುವ ಪರೀಕ್ಷೆ. ಕಾಯುವ ಮಗು ಮುಂದೆ ಉದ್ಧಾರವಾಗುತ್ತದಂತೆ, ಹಾಗಾಗಿ ಪುಟ್ಟಿಯನ್ನು ಈಗಲೇ ಕಟ್ಟುನಿಟ್ಟಿನ ಶಾಲೆಗೆ ಹಾಕಬೇಕೇ ಎಂದು ಕೇಳಿದ್ದೀರಿ. ಟೈಪ್ ಮಾಡುತ್ತಾ ಕುಳಿತರೆ ಮುಗಿಯುವುದಿಲ್ಲ, ಮಾತಿನಲ್ಲೇ ಹೇಳಿಬಿಡುತ್ತೇನೆ.

ಅದು ಅಮೆರಿಕದ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಶುರುಮಾಡಿದ ಪ್ರಯೋಗ. 2018ರಲ್ಲಿ ಬೇರೆ ಸಂಶೋಧಕರು ಇನ್ನೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ನೋಡಿದರು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ಭವಿಷ್ಯವಾಣಿಯಲ್ಲಿ ಉಳಿದದ್ದು ಅಷ್ಟಕ್ಕಷ್ಟೇ. ವಿಡಿಯೊದವರು ಇದನ್ನು ಹೇಳುವುದಿಲ್ಲ ಬಿಡಿ.

ನನಗೆ ಹೆಚ್ಚು ಹಿಡಿಸಿದ್ದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಮಿಠಾಯಿ ಇಟ್ಟಾಗ ಜಪಾನಿನ ಮಕ್ಕಳು ಬಹಳ ಹೊತ್ತು ಕಾದರು, ಅಮೆರಿಕದವರು ಬೇಗ ಬಾಯಿಗೆ ಹಾಕಿಕೊಂಡರು. ಸರಿ, ಜಪಾನಿನ ಶಿಸ್ತು ಎನ್ನುತ್ತೀರಿ. ಅದೇ ಜಾಗದಲ್ಲಿ ಸುತ್ತಿಟ್ಟ ಉಡುಗೊರೆ ಇಟ್ಟಾಗ ಎಲ್ಲ ತಿರುಗುಮುರುಗು: ಅಮೆರಿಕದ ಮಕ್ಕಳು ಕೈಕಟ್ಟಿ ಕುಳಿತರು, ಜಪಾನಿನವರು ಅಷ್ಟು ಹೊತ್ತು ಕಾಯಲಿಲ್ಲ. ಜಪಾನಿನಲ್ಲಿ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಎಲ್ಲರಿಗೂ ಬಡಿಸಿ ಆಗುವ ತನಕ ತುತ್ತು ಎತ್ತುವುದಿಲ್ಲ. ಅಮೆರಿಕದಲ್ಲಿ ಕ್ರಿಸ್‌ಮಸ್ ಬರುವ ತನಕ ಉಡುಗೊರೆಗಳು ಕಣ್ಣೆದುರೇ ಇರುತ್ತವೆ, ಬಿಚ್ಚುವಂತಿಲ್ಲ. ಎರಡೂ ಕಡೆ ಸಂಯಮವಿದೆ, ಆದರೆ ದಿನನಿತ್ಯ ಯಾವುದರಲ್ಲಿ ರೂಢಿಯಾಗಿದೆಯೋ ಅದರಲ್ಲಿ. ಆಫ್ರಿಕಾದ ಕ್ಯಾಮರೂನಿನಲ್ಲಿರುವ ನ್ಸೊ ಎಂಬ ಸಮುದಾಯದ ರೈತರ ಮಕ್ಕಳಂತೂ ಜರ್ಮನಿಯ ಮಧ್ಯಮವರ್ಗದ ಮಕ್ಕಳನ್ನು ಈ ಪರೀಕ್ಷೆಯಲ್ಲಿ ಎಷ್ಟೋ ಹಿಂದೆ ಹಾಕಿದರು. ಕೆಲವರು ಕಾಯುತ್ತಾ ನಿದ್ದೆಯನ್ನೇ ಹೊಡೆದರಂತೆ!

ಶಾಲೆಯಿಂದ ಮಕ್ಕಳು ಏನಾದರೂ ಕಳೆದುಕೊಳ್ಳುವುದೂ ಉಂಟು. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮಾಯಾ ಎಂಬ ಮೂಲನಿವಾಸಿಗಳ ಕುಟುಂಬಗಳಲ್ಲಿ ಒಡಹುಟ್ಟಿದವರಿಗೆ ಆಟಿಕೆ ಮಾಡಲು ಕಲಿಸುತ್ತಿದ್ದರೆ, ಪಕ್ಕದಲ್ಲಿ ಸುಮ್ಮನೆ ಕುಳಿತ ಮಗು ನೋಡಿ ನೋಡಿಯೇ ಕಲಿತಿರುತ್ತಿತ್ತು. ತಾಯಂದಿರು ಹೆಚ್ಚು ಓದಿದ ಮನೆಗಳ ಮಕ್ಕಳಲ್ಲಿ ಆ ಗಮನ ಅಷ್ಟಿರಲಿಲ್ಲ. ತನ್ನನ್ನು ಉದ್ದೇಶಿಸಿ ಹೇಳಿದ್ದೇ ಪಾಠ ಎಂದು ಅವರಿಗೆ ಅಭ್ಯಾಸವಾಗಿರಬೇಕು ಎಂದು ನನಗನ್ನಿಸುತ್ತದೆ.

ಇನ್ನು ಅಕ್ಷರದ ಆತುರ. ಫಿನ್‌ಲ್ಯಾಂಡಿನಲ್ಲಿ ಒಂದನೆಯ ತರಗತಿ ಶುರುವಾಗುವುದೇ ಏಳನೆಯ ವರ್ಷಕ್ಕೆ, ಅದರಿಂದಲೇ ಮಕ್ಕಳು ಹಿಂದೆ ಬಿದ್ದರು ಎಂದೇನಿಲ್ಲ.

ಶಾಲೆ ನೋಡಲು ಹೋದಾಗ ಗೋಡೆಯ ಮೇಲಿನ ಚಿತ್ರಪಟ ನೋಡಬೇಡಿ. ಇಬ್ಬರು ಮಕ್ಕಳು ಒಂದೇ ಆಟಿಕೆಗೆ ಕಿತ್ತಾಡುವಾಗ ಶಿಕ್ಷಕಿ ಏನು ಮಾಡುತ್ತಾರೆ ಗಮನಿಸಿ. ಜಪಾನಿನ ಶಿಶುವಿಹಾರಗಳಲ್ಲಿ ಎಷ್ಟೋ ಸಲ ಶಿಕ್ಷಕಿ ನಡುವೆ ಹೋಗದೆ, ಕಣ್ಣಿಟ್ಟು ನಿಂತಿರುತ್ತಾರೆ. ಜಗಳ ಬಗೆಹರಿಸುವ ಬುದ್ಧಿ ಮಕ್ಕಳಿಗೇ ಬರಲಿ ಎಂದು. ನೀವು ನೋಡುವ ಶಾಲೆಯಲ್ಲಿ ಹೇಗಿತ್ತು ಎಂದು ಆಮೇಲೆ ಹೇಳಿ, ಅಣ್ಣನನ್ನೂ ಜೊತೆಗೆ ಕರೆದುಕೊಂಡು ಹೋಗಿ.