ಗುಂಡಗಿಲ್ಲದ ಸರ್ಕಲ್ಲುಗಳು

ತಮ್ಮಾ, ಮನೆಯವರ ಗ್ರೂಪಿನಲ್ಲಿ ನಿನ್ನ ಪ್ರಶ್ನೆ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಊಟ ಮಾಡುತ್ತಾ ಕೇಳು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಯಾವ ಕಡೆಯಿಂದ ನೋಡಿದರೂ ಗುಂಡಗಿಲ್ಲ, ಮತ್ತೆ ಸರ್ಕಲ್ ಅಂತ ಯಾಕೆ ಅನ್ನುತ್ತಾರೆ ಅಂತ ಕೇಳಿದ್ದೀಯ. ಅದರ ಕೆಳಗೆ ವೈನಿ, "ಸರ್ಕಲ್ ಇನ್‌ಸ್ಪೆಕ್ಟರ್ ಏನು ಗುಂಡಗಿರುತ್ತಾರಾ?" ಅಂತ ಬರೆದಿದ್ದಾರೆ. ವೈನಿ, ನೀವು ಚೇಷ್ಟೆಗೆ ಕೇಳಿದ್ದೀರಿ. ಆದರೆ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ.

ಶಾಲೆಯ ಕೈವಾರ ಮರೆತುಬಿಡು. ಲ್ಯಾಟಿನ್‌ನಲ್ಲಿ 'ಕಿರ್ಕುಸ್' ಅಂದರೆ ಬಳೆ, ಉಂಗುರ. ಅದಕ್ಕಿಂತ ಸಣ್ಣದು 'ಕಿರ್ಕುಲುಸ್'. ಅದು ಫ್ರೆಂಚರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಬಂದು ಸರ್ಕಲ್ ಆಯಿತು. ಮೊದಲನೆಯದು ಬರೆಯುವ ಅಕ್ಷರ ಬದಲಾಗದೆ ಹಾಗೇ ಉಳಿಯಿತು. ಅದೇ ಸರ್ಕಸ್. ಹೌದು, ಆನೆ, ಜೋಕರ್ ಇರುತ್ತಿದ್ದ ಸರ್ಕಸ್!

ರೋಮ್ ನಗರದ ಸರ್ಕಸ್ ಮ್ಯಾಕ್ಸಿಮಸ್ ಒಂದು ರಥದ ಪಂದ್ಯದ ಮೈದಾನ. ಉದ್ದ 600 ಮೀಟರಿಗೂ ಜಾಸ್ತಿ, ಅಗಲ ಸುಮಾರು 120 ಮೀಟರ್. ಅದೆಲ್ಲಿ ಗುಂಡಗಾಯಿತು? ರಥಗಳು ಅಲ್ಲಿ 7 ಸುತ್ತು ಹೊಡೆಯುತ್ತಿದ್ದವು. ನೋಡು, ಅಲ್ಲೇ ಇದೆ ವಿಷಯ. ಈ ಪದಕ್ಕೆ ಆಕಾರ ಎಷ್ಟು ಮುಖ್ಯವೋ ಸುತ್ತುವುದೂ ಅಷ್ಟೇ ಮುಖ್ಯ. ಈಗಿನ ಸರ್ಕಸ್ ಮಾತ್ರ ನಿಜವಾಗಿ ಗುಂಡಗೆ. 1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಸವಾರ ಕುದುರೆ ಆಟ ಶುರು ಮಾಡಿದ. ಕುದುರೆ ಸುತ್ತು ಹಾಕುತ್ತಾ ಓಡಿದರೆ ಬೆನ್ನ ಮೇಲೆ ನಿಂತವನಿಗೆ ತೋಲ ಸಿಗುತ್ತದೆ. ಅವನ ಕಣದ ಅಡ್ಡಳತೆ 42 ಅಡಿಗೆ ನಿಂತಿತು, ಸರ್ಕಸ್ಸಿನವರ ಅಳತೆ ಇವತ್ತಿಗೂ ಅದೇ. ಮಜಾ ಏನಂದರೆ ಆಸ್ಟ್ಲಿ ಅದನ್ನು ಸರ್ಕಸ್ ಅಂತ ಕರೆಯಲೇ ಇಲ್ಲ. ಆ ಹೆಸರಿಟ್ಟವರು 1782ರಲ್ಲಿ ಅವನಿಗೆ ಎದುರಾಗಿ ಆಟ ತೆರೆದವರು!

ಈಗ ನಿನ್ನ ಚೆನ್ನಮ್ಮ ಸರ್ಕಲ್ಲಿಗೆ ಬರೋಣ. ಲಂಡನ್ನಿನಲ್ಲಿ ಪಿಕಾಡಿಲಿ ಸರ್ಕಸ್ ಅಂತ ಇದೆ. ಅಲ್ಲಿ ಪ್ರಾಣಿ ಗೀಣಿ ಏನಿಲ್ಲ, ರಸ್ತೆಗಳು ಕೂಡುವ ಜಾಗ ಅಷ್ಟೇ. 1819ರಲ್ಲಿ ಕಟ್ಟಿದಾಗ ಗುಂಡಗೇ ಇತ್ತು. 1886ರಲ್ಲಿ ಒಂದು ಹೊಸ ರಸ್ತೆ ತಂದು ಕೂಡಿಸಿದಾಗ ಆ ಗುಂಡು ಒಡೆಯಿತು. ಹೆಸರು ಹೋಗಲಿಲ್ಲ. ಅವರು ಸರ್ಕಸ್ ಅಂದರು, ನಾವು ಸರ್ಕಲ್ ಅನ್ನುತ್ತೇವೆ. ಕುದುರೆ ಮೇಲೆ ಕುಳಿತ ಚೆನ್ನಮ್ಮನನ್ನು ಸುತ್ತಿಕೊಂಡು ಹೋಗಬೇಕಲ್ಲ, ಅಷ್ಟು ಸಾಕು. ಧಾರವಾಡದ ಜುಬಿಲಿ ಸರ್ಕಲ್ಲಿಗೂ ಇದೇ ನ್ಯಾಯ. ಬೋರ್ಡಿನಲ್ಲಿ 'ವೃತ್ತ' ಅಂತ ಬರೆದಿರುತ್ತಾರೆ. ಆಟೋದವನಿಗೆ ಹಾಗೆ ಹೇಳಿ ನೋಡು, ಒಮ್ಮೆ ಮುಖ ನೋಡುತ್ತಾನೆ. ನನ್ನ ಕೇಳಿದರೆ ಗದಗಿನವರೇ ಜಾಣರು. ಮುಳಗುಂದ ನಾಕಾ, ಟಾಂಗಾ ಕೂಟ ಅಂತಾರೆ. ಗುಂಡಗಿದೆಯೋ ಇಲ್ಲವೋ ಅನ್ನುವ ತಕರಾರೇ ಇಲ್ಲ.

ವೈನಿ, ಇನ್ನು ನಿಮ್ಮ ಇನ್‌ಸ್ಪೆಕ್ಟರ್. ಉಂಗುರ ಹಾಕಿದಂತೆ ಗೆರೆ ಎಳೆದರೆ ಅದರ ಒಳಗಿನ ಜಾಗವೂ ಸರ್ಕಲ್ಲೇ. ಜರ್ಮನ್ನರ ಪವಿತ್ರ ರೋಮನ್ ಸಾಮ್ರಾಜ್ಯವನ್ನು 1500ರಲ್ಲಿ 6 ಸರ್ಕಲ್ ಮಾಡಿದರು, 1512ರಲ್ಲಿ ಅವು 10 ಆದವು. ಅವರ ಮಾತಿನಲ್ಲಿ ಅದು 'ಕ್ರೈಸ್'. ಅಲ್ಲಿ ಜಿಲ್ಲೆಗೆ ಈಗಲೂ ಅದೇ ಹೆಸರು. ಇಂಗ್ಲಿಷಿನಲ್ಲೂ ಆಡಳಿತದ ಒಂದು ಪ್ರದೇಶಕ್ಕೆ ಸರ್ಕಲ್ ಅನ್ನುವ ರೂಢಿ ಬಂತು. ನಮ್ಮ ಕಡೆ 1956ರ ತನಕ ಮುಂಬೈ ರಾಜ್ಯದ ಆಡಳಿತ. ಆಗ ಊರಿನ ಕಂದಾಯದ ಲೆಕ್ಕ ನೋಡುವ ತಲಾಠಿಗಳ ಮೇಲೆ ಕಂದಾಯದ ಸರ್ಕಲ್ ಇನ್‌ಸ್ಪೆಕ್ಟರ್ ಇರುತ್ತಿದ್ದರು. ಈಗ ಪೊಲೀಸರದ್ದು ಸರ್ಕಲ್, ಅರಣ್ಯದವರದ್ದು ಸರ್ಕಲ್, ಕರೆಂಟ್ ಕೊಡುವ ಹೆಸ್ಕಾಂದ್ದು ಸರ್ಕಲ್. ಮೊಬೈಲಿಗಂತೂ ಇಡೀ ಕರ್ನಾಟಕವೇ ಒಂದು ಸರ್ಕಲ್. ಬೀದರಿನಿಂದ ಚಾಮರಾಜನಗರದ ತನಕ ಆ ನಕಾಶೆ ಯಾವ ಕೋನದಿಂದ ಗುಂಡಗಿದೆ ಹೇಳಿ!

ಮಾವಾರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಇನ್ನೂ ಸರ್ಕ್ಯೂಟ್ ಬೆಂಚ್ ಅಂತಾರಲ್ಲ, ಅದೂ ಇದೇ ಮನೆತನದ್ದು. ಸರ್ಕ್ಯೂಟ್ ಅಂದರೆ ಸುತ್ತಿ ಬರುವುದು. ಹಿಂದೆ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಊರೂರು ಸುತ್ತಿ ಕೇಸು ಕೇಳುತ್ತಿದ್ದರು. ಹಾಗೆ ತಿರುಗಾಡುವ ಸಾಹೇಬರು ಇಳಿಯುವ ಮನೆ ಸರ್ಕ್ಯೂಟ್ ಹೌಸ್. ಧಾರವಾಡದಲ್ಲಿ 2008ರಲ್ಲಿ ಪೀಠ ಶುರುವಾದಾಗ ಅದು ಸರ್ಕ್ಯೂಟ್ ಬೆಂಚ್ ಆಗಿತ್ತು. 2013ರಲ್ಲಿ ಕಾಯಂ ಆಯಿತು, ಮಾವಾರೇ. ಇನ್ನು ಸುತ್ತುವ ಮಾತಿಲ್ಲ. 'ಸರ್ಚ್' ಕೂಡ ಇವರ ದಾಯಾದಿ. ಮೂಲ ಅರ್ಥ ಸುತ್ತಾಡುವುದು, ಆಮೇಲೆ ಹುಡುಕುವುದು ಆಯಿತು.

ತಮ್ಮಾ, ಕ್ರಿಕೆಟ್ಟಿನ ಸರ್ಕಲ್ ಮರೆತಿದ್ದೆ. ಪವರ್‌ಪ್ಲೇದಲ್ಲಿ ಹೇಳುತ್ತಾರಲ್ಲ, 30 ಗಜದ ಸರ್ಕಲ್ ಅಂತ, ಅದೂ ಗುಂಡಗಿಲ್ಲ. ಎರಡೂ ವಿಕೆಟ್ಟಿನಿಂದ 30 ಗಜಕ್ಕೆ ಅರ್ಧ ಅರ್ಧ ಸುತ್ತು ಎಳೆದು, ನಡುವೆ ಎರಡು ನೇರ ಗೆರೆ ಹಾಕಿ ಜೋಡಿಸಿರುತ್ತಾರೆ. ಇವತ್ತಿನ ಮ್ಯಾಚಿನಲ್ಲಿ ಮೇಲಿನ ಕ್ಯಾಮೆರಾ ತೋರಿಸಿದಾಗ ನೋಡು.